ಮ್ಯಾಗ್ನೆಟ್ ಇಟ್ಟರೆ ಅಲೆ ಸಾಯುತ್ತಾ, ಹುಟ್ಟುತ್ತಾ?

(ವಿಡಿಯೋ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯಗಳನ್ನು ಸರಿಪಡಿಸಿದ್ದೇವೆ. ಮಾತಿನ ಧಾಟಿ ಹಾಗೇ ಇದೆ.)

 

ಇವತ್ತಿನ ವಿಷಯ ಹೇಳಿದ ತಕ್ಷಣ ಕೆಲವರು ಟ್ಯಾಬ್ ಮುಚ್ಚಬಹುದು. ಆದರೂ ಹೇಳಿಬಿಡ್ತೀನಿ. ಕೆಲವು ವಸ್ತುಗಳನ್ನ ತುಂಬಾ ತಣ್ಣಗೆ ಮಾಡಿದಾಗ ಅವುಗಳ ಒಳಗೆ ಎಲೆಕ್ಟ್ರಾನ್‌ಗಳು ಅಲೆಯ ಹಾಗೆ ಜೋಡಣೆ ಆಗುತ್ತವೆ. ಆ ಅಲೆಯ ಮೇಲೆ ಬಲವಾದ ಕಾಂತಕ್ಷೇತ್ರ ಹಾಕಿದರೆ ಏನಾಗುತ್ತೆ ಅನ್ನೋದು ಇವತ್ತಿನ ಮಾತು.

ಇದರ ಒಳಗಿರೋ ಪ್ರಶ್ನೆ ನಿಮಗೆ ಹೊಸದಲ್ಲ. ಪ್ರೊಡಕ್ಷನ್‌ನಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸ್ತೀರಿ, ಸಿಸ್ಟಂ ವೇಗ ಆಗುತ್ತೆ. ಆ ಸೆಟ್ಟಿಂಗೇ ವೇಗ ಕೊಡ್ತಾ? ಇಲ್ಲಾ ಅದು ಇನ್ಯಾವುದೋ ಪ್ರೋಸೆಸ್‌ನ ನಿಲ್ಲಿಸ್ತಾ, ಅದರಿಂದ ಇದಕ್ಕೆ ಜಾಗ ಸಿಕ್ತಾ? ಎರಡೂ ಕಡೆ ಗ್ರಾಫ್ ಒಂದೇ ಥರ ಕಾಣುತ್ತೆ, ಕಾರಣ ಮಾತ್ರ ಬೇರೆ. ಭೌತಶಾಸ್ತ್ರದವರು ಕಳೆದ ನಾಲ್ಕು ದಶಕಗಳಿಂದ ಮ್ಯಾಗ್ನೆಟ್ ಹಿಡಿದುಕೊಂಡು ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ.

ಮೊದಲು, ಈ ಅಲೆ ಅಂದ್ರೆ ಏನು?

ತಾಮ್ರದ ತಂತಿಯಲ್ಲಿ ಓಡಾಡೋ ಎಲೆಕ್ಟ್ರಾನ್‌ಗಳು ಸರಾಸರಿಯಲ್ಲಿ ಎಲ್ಲಾ ಕಡೆ ಸಮನಾಗಿ ಹರಡಿಕೊಂಡಿರುತ್ತವೆ. ಆದರೆ ಕೆಲವು ಹರಳುಗಳಲ್ಲಿ ಪರಮಾಣುಗಳು ಅಥವಾ ಅಣುಗಳು ಸರಪಳಿಯ ಹಾಗೆ ಸಾಲಾಗಿ ಕೂತಿರುತ್ತವೆ. ಸರಪಳಿಯ ಉದ್ದಕ್ಕೆ ಎಲೆಕ್ಟ್ರಾನ್ ಸಲೀಸಾಗಿ ಓಡುತ್ತೆ, ಪಕ್ಕದ ಸರಪಳಿಗೆ ಹಾರೋದು ಕಷ್ಟ. ಮುಂಬೈ ಲೋಕಲ್ ನೆನಪು ಮಾಡಿಕೊಳ್ಳಿ. ಹಳಿ ಹಿಡಿದು ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಹೋಗಬಹುದು, ವೆಸ್ಟರ್ನ್ ಲೈನ್‌ನಿಂದ ಸೆಂಟ್ರಲ್ ಲೈನ್‌ಗೆ ಹೋಗಬೇಕಾದರೆ ಒದ್ದಾಟ. ಅದೇ ಥರ.

ಇಂಥ ಹರಳನ್ನ ತಣ್ಣಗೆ ಮಾಡುತ್ತಾ ಹೋದರೆ, ಒಂದು ತಾಪಮಾನದಲ್ಲಿ ಎಲೆಕ್ಟ್ರಾನ್‌ಗಳು ಸಮನಾಗಿ ಹರಡಿಕೊಂಡಿರೋದನ್ನ ಬಿಡ್ತವೆ. ಇಲ್ಲಿ ದಟ್ಟ, ಮುಂದೆ ವಿರಳ, ಮತ್ತೆ ದಟ್ಟ, ಮತ್ತೆ ವಿರಳ. ಅಳತೆ ಇಟ್ಟ ಹಾಗೆ ಇದೇ ಮಾದರಿ ಪುನರಾವರ್ತನೆ ಆಗುತ್ತೆ. ಇದೇ ಚಾರ್ಜ್ ಡೆನ್ಸಿಟಿ ವೇವ್. ಹೆಸರಲ್ಲಿ ವೇವ್ ಇದ್ದರೂ ಇದು ಸಮುದ್ರದ ಅಲೆಯ ಹಾಗೆ ಸಾಗ್ತಾ ಇರಲ್ಲ, ಸೀರೆಯ ನೆರಿಗೆಯ ಹಾಗೆ ನಿಂತಿರುತ್ತೆ. ಒಂದೇ ದಿಕ್ಕಿನಲ್ಲಿ ಹರಿಯೋ ಲೋಹ ಹೀಗೆ ನೆರಿಗೆ ಬೀಳಲೇಬೇಕು ಅನ್ನೋದನ್ನ ರುಡಾಲ್ಫ್ ಪೈರ್ಲ್ಸ್ 1955ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ನಯೋಬಿಯಂ ಟ್ರೈಸೆಲೆನೈಡ್ ಅನ್ನೋ ವಸ್ತುವಿನಲ್ಲಿ ಇಂಥ ನೆರಿಗೆ ಎರಡು ಸಲ ಬೀಳುತ್ತೆ: ಒಂದು 145 ಕೆಲ್ವಿನ್‌ನಲ್ಲಿ, ಇನ್ನೊಂದು 59 ಕೆಲ್ವಿನ್‌ನಲ್ಲಿ. ಕೆಲ್ವಿನ್ ಅಂದರೆ ಸೊನ್ನೆಯಿಂದ ಎಣಿಸೋ ತಾಪಮಾನ. ನಮ್ಮ ಕೋಣೆಯ ತಾಪಮಾನ ಸುಮಾರು 300 ಕೆಲ್ವಿನ್.

ಇದಕ್ಕೊಂದು ತಮ್ಮ ಇದೆ, ಸ್ಪಿನ್ ಡೆನ್ಸಿಟಿ ವೇವ್. ಪ್ರತಿ ಎಲೆಕ್ಟ್ರಾನ್ ಒಂದು ಪುಟಾಣಿ ಮ್ಯಾಗ್ನೆಟ್ ಇದ್ದ ಹಾಗೆ. ಅದರ ಸ್ಪಿನ್ ಮೇಲ್ಮುಖ ಇರಬಹುದು, ಕೆಳಮುಖ ಇರಬಹುದು. ಚಾರ್ಜ್ ಅಲೆಯಲ್ಲಿ ಮೇಲ್ಮುಖದವರೂ ಕೆಳಮುಖದವರೂ ಒಂದೇ ಜಾಗದಲ್ಲಿ ದಟ್ಟವಾಗ್ತಾರೆ. ಸ್ಪಿನ್ ಅಲೆಯಲ್ಲಿ ಮೇಲ್ಮುಖದವರು ದಟ್ಟ ಇರೋ ಕಡೆ ಕೆಳಮುಖದವರು ವಿರಳ. ಒಟ್ಟು ಲೆಕ್ಕ ಹಾಕಿದರೆ ಚಾರ್ಜ್ ಎಲ್ಲಾ ಕಡೆ ಸಮ, ಆದರೆ ಮ್ಯಾಗ್ನೆಟ್ ದಿಕ್ಕು ಏರಿಳಿಯುತ್ತೆ. ಈ ಮಾತಿನಲ್ಲಿ ನಾನು ಚುಟುಕಾಗಿ ‘ಚಾರ್ಜ್ ಅಲೆ’, ‘ಸ್ಪಿನ್ ಅಲೆ’ ಅಂತೀನಿ. ಮ್ಯಾಗ್ನೆಟ್‌ಗಳಲ್ಲಿ ಸಾಗೋ ಸ್ಪಿನ್ ವೇವ್ ಅಂತ ಇನ್ನೊಂದಿದೆ, ಅದು ಬೇರೆ ವಿಷಯ.

ತಣ್ಣಗೆ ಯಾಕೆ ಮಾಡಬೇಕು?

ಇದು ಬರೀ ಲೆಕ್ಕ. ಒಂದು ಟೆಸ್ಲಾ ಕಾಂತಕ್ಷೇತ್ರ ಹಾಕಿದರೆ ಮೇಲ್ಮುಖ ಮತ್ತು ಕೆಳಮುಖ ಸ್ಪಿನ್‌ಗಳ ನಡುವೆ ಹುಟ್ಟೋ ಶಕ್ತಿಯ ವ್ಯತ್ಯಾಸ, ತಾಪಮಾನದ ಭಾಷೆಯಲ್ಲಿ ಹೇಳೋದಾದರೆ, ಸುಮಾರು 1.3 ಕೆಲ್ವಿನ್. ಆಸ್ಪತ್ರೆಯ ಎಂಆರ್‌ಐ ಯಂತ್ರ 1.5 ಅಥವಾ 3 ಟೆಸ್ಲಾ. ಅಂದರೆ ಎಂಆರ್‌ಐ ಒಳಗೆ ಮಲಗಿದರೂ ಎಲೆಕ್ಟ್ರಾನ್‌ಗೆ ಆಗೋ ವ್ಯತ್ಯಾಸ ಹೆಚ್ಚೆಂದರೆ ಸುಮಾರು ನಾಲ್ಕು ಕೆಲ್ವಿನ್. 300 ಕೆಲ್ವಿನ್ ಗದ್ದಲದಲ್ಲಿ ಅದು ಯಾರಿಗೆ ಕೇಳುತ್ತೆ? ಜಾತ್ರೆಯಲ್ಲಿ ಪಿಸುಮಾತು ಆಡಿದ ಹಾಗೆ. ಅದೇ ಹರಳನ್ನ ದ್ರವ ಹೀಲಿಯಂನ 4.2 ಕೆಲ್ವಿನ್‌ಗೆ ಇಳಿಸಿ, ಅದಕ್ಕಿಂತ ಕೆಳಗೆ ಹೋಗಿ, 20 ಟೆಸ್ಲಾ ಹಾಕಿ. ಈಗ ಮ್ಯಾಗ್ನೆಟ್‌ನ ಮಾತು 27 ಕೆಲ್ವಿನ್‌ನಷ್ಟು ಜೋರು, ಸುತ್ತಲಿನ ಗದ್ದಲ ನಾಲ್ಕಕ್ಕಿಂತ ಕಡಿಮೆ. ಈಗ ಕೇಳುತ್ತೆ.

ಇದರಿಂದಲೇ ಇನ್ನೊಂದು ಗೊತ್ತಾಗುತ್ತೆ. 145 ಕೆಲ್ವಿನ್‌ನಲ್ಲಿ ಹುಟ್ಟೋ ಗಟ್ಟಿ ಅಲೆಯನ್ನ ಸ್ಪಿನ್ ಮೂಲಕ ಅಲುಗಿಸೋಕೆ ನೂರಾರು ಟೆಸ್ಲಾ ಬೇಕಾಗುತ್ತೆ. ಅದಕ್ಕೇ ಸಂಶೋಧಕರು ಹತ್ತು ಹನ್ನೆರಡು ಕೆಲ್ವಿನ್‌ನಲ್ಲಿ ಹುಟ್ಟೋ ನಾಜೂಕು ಅಲೆಗಳನ್ನ ಹುಡುಕಿಕೊಂಡು ಹೋಗ್ತಾರೆ. ಅಲ್ಲಿ ಮ್ಯಾಗ್ನೆಟ್‌ಗೂ ಅಲೆಗೂ ಸರಿಸಮಾನ ಕುಸ್ತಿ.

ಮೊದಲ ಉತ್ತರ: ಚಾರ್ಜ್ ಅಲೆ ಸೋಲುತ್ತೆ

ಈ ಅಲೆಯ ಅಳತೆ ಎಲ್ಲಿಂದ ಬರುತ್ತೆ? ಸರಪಳಿಯಲ್ಲಿ ಬಲಕ್ಕೆ ಓಡೋ ಅತಿ ವೇಗದ ಎಲೆಕ್ಟ್ರಾನ್‌ಗೆ ಒಂದು ಸಂಖ್ಯೆ ಕೊಡಿ, ಎಡಕ್ಕೆ ಓಡೋ ಅತಿ ವೇಗದ ಎಲೆಕ್ಟ್ರಾನ್‌ಗೆ ಒಂದು ಸಂಖ್ಯೆ ಕೊಡಿ. ಎರಡನ್ನೂ ಕೂಡಿದರೆ ಅಲೆಯ ಸಂಖ್ಯೆ. ಆ ಸಂಖ್ಯೆ ದೊಡ್ಡದಾದಷ್ಟೂ ನೆರಿಗೆ ಒತ್ತೊತ್ತು.

ಮ್ಯಾಗ್ನೆಟ್ ಇಲ್ಲದಾಗ ಎಲ್ಲರ ಸಂಖ್ಯೆಯೂ 5 ಅಂದುಕೊಳ್ಳಿ. ಚಾರ್ಜ್ ಅಲೆಯಲ್ಲಿ ಮೇಲ್ಮುಖ ಸ್ಪಿನ್ ಮೇಲ್ಮುಖದ ಜೊತೆ ಜೋಡಿ: 5 ಮತ್ತು 5, ಹತ್ತು. ಕೆಳಮುಖ ಕೆಳಮುಖದ ಜೊತೆ: ಅದೂ ಹತ್ತು. ಇಬ್ಬರಿಗೂ ಒಂದೇ ಅಳತೆಯ ನೆರಿಗೆ ಬೇಕು, ಜಗಳ ಇಲ್ಲ.

ಈಗ ಮ್ಯಾಗ್ನೆಟ್ ಹಾಕಿ. ಒಂದು ದಿಕ್ಕಿನ ಸ್ಪಿನ್‌ಗೆ ಶಕ್ತಿಯ ಲಾಭ, ಇನ್ನೊಂದಕ್ಕೆ ನಷ್ಟ. ಒಂದರ ಸಂಖ್ಯೆ 6 ಆಯ್ತು, ಇನ್ನೊಂದರದು 4 ಆಯ್ತು ಅಂತಿಟ್ಟುಕೊಳ್ಳಿ. ಚಾರ್ಜ್ ಅಲೆಯಲ್ಲಿ ಒಬ್ಬರಿಗೆ 6 ಕೂಡು 6, ಹನ್ನೆರಡರ ನೆರಿಗೆ ಬೇಕು. ಇನ್ನೊಬ್ಬರಿಗೆ 4 ಕೂಡು 4, ಎಂಟರ ನೆರಿಗೆ ಬೇಕು. ಒಂದೇ ಸೀರೆಗೆ ಎರಡು ಅಳತೆ! ಮ್ಯಾಗ್ನೆಟ್ ಏರಿಸಿದಷ್ಟೂ ಭಿನ್ನಾಭಿಪ್ರಾಯ ಜಾಸ್ತಿ, ಅಲೆ ದುರ್ಬಲ ಆಗ್ತಾ ಹೋಗುತ್ತೆ.

ಸ್ಪಿನ್ ಅಲೆಗೆ ಒಂದು ಅನುಕೂಲ ಇದೆ. ಅದು ತನ್ನ ಸ್ಪಿನ್‌ಗಳನ್ನ ಕಾಂತಕ್ಷೇತ್ರಕ್ಕೆ ಅಡ್ಡವಾಗಿ ತಿರುಗಿಸಿಕೊಳ್ಳಬಹುದು. ಹಾಗೆ ತಿರುಗಿದಾಗ ಅದರ ಜೋಡಿ ಮೇಲ್ಮುಖಕ್ಕೂ ಕೆಳಮುಖಕ್ಕೂ ನಡುವಿನದು. 6 ಕೂಡು 4, ಹತ್ತು. ಮೊದಲೂ ಹತ್ತೇ ಇತ್ತು. ಹಾಗಾಗಿ ಸ್ಪಿನ್ ಲೆಕ್ಕದಲ್ಲಿ ಈ ಅಲೆಗೆ ಮ್ಯಾಗ್ನೆಟ್‌ನಿಂದ ನಷ್ಟವೇ ಇಲ್ಲ.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ಬಿಇಡಿಟಿ-ಟಿಟಿಎಫ್ ಅನ್ನೋ ಸಾವಯವ ಅಣುವಿನ ಜೊತೆ ಪೊಟ್ಯಾಸಿಯಂ, ಪಾದರಸ ಸೇರಿ ಆಗೋ ಒಂದು ಲವಣ ಇದೆ. ಅದರಲ್ಲಿ ಸುಮಾರು 8 ಕೆಲ್ವಿನ್‌ನಲ್ಲಿ ಚಾರ್ಜ್ ಅಲೆ ಹುಟ್ಟುತ್ತೆ. ತಣ್ಣಗೆ ಇಟ್ಟು ಕಾಂತಕ್ಷೇತ್ರ ಏರಿಸ್ತಾ ಹೋದರೆ ಸುಮಾರು 23 ಟೆಸ್ಲಾ ಹತ್ತಿರ ವಿದ್ಯುತ್ ರೋಧ ಥಟ್ಟನೆ ತಿರುವು ತಗೊಳ್ಳುತ್ತೆ. ಅಲ್ಲಿಗೆ ಹಳೇ ಅಲೆಯ ಕಥೆ ಮುಗೀತು. ಕುತೂಹಲದ ವಿಷಯ ಏನಂದರೆ, ಅದರಾಚೆಗೆ ಸಾದಾ ಲೋಹ ಬರಲ್ಲ. ಎಂಟಕ್ಕೂ ಹನ್ನೆರಡಕ್ಕೂ ರಾಜಿ ಮಾಡಿಕೊಂಡು, ಅಳತೆ ಬದಲಿಸಿಕೊಂಡ ಇನ್ನೊಂದು ಅಲೆ ಇರುತ್ತೆ ಅನ್ನೋದು ಹೆಚ್ಚಿನ ಸಂಶೋಧಕರು ಒಪ್ಪೋ ವಿವರಣೆ.

ಎರಡನೇ ಉತ್ತರ: ಇಲ್ಲದ ಅಲೆ ಹುಟ್ಟುತ್ತೆ

ಮ್ಯಾಗ್ನೆಟ್‌ಗೆ ಇನ್ನೊಂದು ಕೈ ಇದೆ. ಅದು ಸ್ಪಿನ್ ಮುಟ್ಟಲ್ಲ, ಎಲೆಕ್ಟ್ರಾನ್ ಓಡೋ ದಾರಿಯನ್ನೇ ಬಗ್ಗಿಸುತ್ತೆ.

ಅಲೆ ಹುಟ್ಟಬೇಕಾದರೆ ಎಡಕ್ಕೆ ಓಡೋರ ಶಕ್ತಿಯ ನಕ್ಷೆಯೂ ಬಲಕ್ಕೆ ಓಡೋರ ನಕ್ಷೆಯೂ ಒಂದರೊಳಗೊಂದು ಸರಿಯಾಗಿ ಕೂರಬೇಕು. ಅಡುಗೆಮನೆಯಲ್ಲಿ ಒಂದೇ ಅಳತೆಯ ಸ್ಟೀಲ್ ಲೋಟಗಳು ಒಂದರೊಳಗೊಂದು ಕೂರ್ತವಲ್ಲ, ಹಾಗೆ. ಎಲೆಕ್ಟ್ರಾನ್ ಪಕ್ಕದ ಸರಪಳಿಗೆ ಜಾಸ್ತಿ ಹಾರೋಕೆ ಶುರು ಮಾಡಿದರೆ ನಕ್ಷೆ ಸೊಟ್ಟಗಾಗುತ್ತೆ. ತಗ್ಗಾದ ಲೋಟ ಕೂರಲ್ಲ. ಅಲೆ ಹುಟ್ಟಲ್ಲ.

ಈಗ ಟಿಎಂಟಿಎಸ್‌ಎಫ್ ಲವಣಗಳ ಕಥೆಗೆ ಬರೋಣ. ಡೆನ್ಮಾರ್ಕ್‌ನ ಕ್ಲಾಸ್ ಬೆಕ್‌ಗಾರ್ಡ್ ತಯಾರಿಸಿದ ಈ ಹರಳುಗಳನ್ನ ಅವರ ಹೆಸರಿನಿಂದಲೇ ಕರೀತಾರೆ. ಇವುಗಳಲ್ಲಿ ಪಿಎಫ್6 ಲವಣಕ್ಕೆ ಸುಮಾರು 12 ಕೆಲ್ವಿನ್‌ನಲ್ಲಿ ಸ್ಪಿನ್ ಅಲೆ ಬರುತ್ತೆ. ಅದನ್ನ ಚೆನ್ನಾಗಿ ಅಮುಕಿ, ವಾತಾವರಣದ ಒತ್ತಡದ ಹತ್ತು ಹನ್ನೆರಡು ಸಾವಿರ ಪಟ್ಟು. ಸರಪಳಿಗಳು ಹತ್ತಿರ ಬರ್ತವೆ, ಎಲೆಕ್ಟ್ರಾನ್ ಅಡ್ಡಡ್ಡ ಹಾರುತ್ತೆ, ಲೋಟ ತಗ್ಗಾಗುತ್ತೆ, ಅಲೆ ಮಾಯ. ಅದರ ಜಾಗದಲ್ಲಿ ಸುಮಾರು 1 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟಿವಿಟಿ, ಅಂದರೆ ರೋಧವೇ ಇಲ್ಲದ ಸ್ಥಿತಿ. ಫ್ರಾನ್ಸಿನ ಓರ್ಸೆಯಲ್ಲಿ ಡೆನಿ ಜೆರೋಮ್ ತಂಡ 1979–80ರಲ್ಲಿ ಇದನ್ನ ಕಂಡಾಗ, ಸಾವಯವ ವಸ್ತುವಿನಲ್ಲಿ ಸೂಪರ್‌ಕಂಡಕ್ಟಿವಿಟಿ ಸಿಕ್ಕಿದ್ದು ಅದೇ ಮೊದಲು.

ಈಗ ಒತ್ತಡ ಹಾಗೇ ಇಟ್ಟು, ಪದರಗಳಿಗೆ ನೇರವಾಗಿ ಕಾಂತಕ್ಷೇತ್ರ ಹಾಕಿ. ಒಂದು ಟೆಸ್ಲಾಗಿಂತ ಮೊದಲೇ ಸೂಪರ್‌ಕಂಡಕ್ಟಿವಿಟಿ ಹೋಗುತ್ತೆ, ಸಾದಾ ಲೋಹ ಆಗುತ್ತೆ. ಅಲ್ಲಿಗೆ ಮುಗೀತು ಅಂದುಕೊಂಡರೆ, ಇನ್ನೂ ಕೆಲವು ಟೆಸ್ಲಾ ಏರಿಸಿದಾಗ ಸತ್ತಿದ್ದ ಸ್ಪಿನ್ ಅಲೆ ಎದ್ದು ಬರುತ್ತೆ!

ಯಾಕೆ? ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ನೇರ ಓಡಲ್ಲ, ಹಾವಿನ ಹಾಗೆ ಎಡಬಲ ಹೊರಳ್ತಾ ಓಡುತ್ತೆ. ಕ್ಷೇತ್ರ ಹೆಚ್ಚಾದಷ್ಟೂ ಆ ಹೊರಳಾಟದ ಅಗಲ ಕಡಿಮೆ. ಎರಡು ಪಟ್ಟು ಕ್ಷೇತ್ರ, ಅರ್ಧ ಅಗಲ. ಅಂದರೆ ಒತ್ತಡ ಕೊಟ್ಟು ನಾವು ಅಡ್ಡಡ್ಡ ಓಡಿಸಿದ್ದ ಎಲೆಕ್ಟ್ರಾನನ್ನ ಮ್ಯಾಗ್ನೆಟ್ ವಾಪಸ್ ಒಂದೇ ಹಳಿಗೆ ತಂದು ನಿಲ್ಲಿಸುತ್ತೆ. ಒಂದೇ ಹಳಿ ಅಂದಮೇಲೆ ಪೈರ್ಲ್ಸ್ ಹೇಳಿದ ನೆರಿಗೆ ಬಿದ್ದೇ ಬೀಳುತ್ತೆ. 1984ರಲ್ಲಿ ಗೋರ್ಕೋವ್ ಮತ್ತು ಲೆಬೆಡ್ ಈ ವಿವರಣೆ ಕೊಟ್ಟರು. ಅದೇ ಹೊತ್ತಿಗೆ ಫ್ರಾನ್ಸಿನ ಎರಿಟಿಯೇ, ಮೊಂಟಾಂಬೊ, ಲೆಡೆರೆರ್ ಇದನ್ನ ಇನ್ನೂ ಮುಂದಕ್ಕೆ ತಗೊಂಡು ಹೋದರು. ಅಲೆಯ ಅಳತೆ ಕ್ಷೇತ್ರದ ಜೊತೆ ನಯವಾಗಿ ಬದಲಾಗಲ್ಲ, ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತೆ ಅಂತ ತೋರಿಸಿದರು.

1989ರಲ್ಲಿ ಅಳತೆಗಳು ಬಂದವು. ಪಿಎಫ್6 ಲವಣದ ಹಾಲ್ ರೋಧ, ಅಂದರೆ ಕರೆಂಟಿಗೆ ಅಡ್ಡವಾಗಿ ಅಳೆಯೋ ರೋಧ, ಅಚ್ಚುಕಟ್ಟಾದ ಮೆಟ್ಟಿಲುಗಳಲ್ಲಿ ಏರಿತು. ಮೆಟ್ಟಿಲುಗಳ ಅನುಪಾತ ಪೂರ್ಣಸಂಖ್ಯೆಗಳದು. ಇದು ಕ್ವಾಂಟಂ ಹಾಲ್ ಪರಿಣಾಮ. 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಸಿಲಿಕಾನ್ ಸಾಧನದ ತೆಳು ಎಲೆಕ್ಟ್ರಾನ್ ಪದರದಲ್ಲಿ ಕಂಡು, 1985ರಲ್ಲಿ ನೊಬೆಲ್ ಪಡೆದದ್ದು ಇದಕ್ಕೇ. ಅದೇ ಪರಿಣಾಮ ಇಲ್ಲಿ ಕೈಯಲ್ಲಿ ಹಿಡಿಯಬಹುದಾದ ಹರಳಿನಲ್ಲಿ ಕಾಣಿಸಿತು. ಚಿಪ್ ಬೇಕಾಗಲಿಲ್ಲ, ಪದರ ಪದರವಾಗಿ ಅಲೆಯೇ ಆ ಕೆಲಸ ಮಾಡ್ತು.

ಕಾರಣ ಯಾವುದು ಅಂತ ಹೇಗೆ ಬೇರ್ಪಡಿಸೋದು?

ಸರಿ, ಮ್ಯಾಗ್ನೆಟ್‌ಗೆ ಎರಡು ಕೈ ಆಯ್ತು. ಒಂದು ಸ್ಪಿನ್ ಹಿಡಿಯುತ್ತೆ, ಇನ್ನೊಂದು ದಾರಿ ಹಿಡಿಯುತ್ತೆ. ಎರಡೂ ಒಟ್ಟಿಗೇ ಕೆಲಸ ಮಾಡ್ತವೆ. ಚಾರ್ಜ್ ಅಲೆಯಲ್ಲಂತೂ ಒಂದು ಕೈ ಕೊಲ್ಲೋಕೆ ನೋಡುತ್ತೆ, ಇನ್ನೊಂದು ಬದುಕಿಸೋಕೆ ನೋಡುತ್ತೆ. ಪ್ರಯೋಗದಲ್ಲಿ ಸಿಗೋದು ಒಂದೇ ಗ್ರಾಫ್. ಯಾವ ಕೈ ಏನು ಮಾಡ್ತು ಅಂತ ಹೇಗೆ ಗೊತ್ತಾಗಬೇಕು?

ಉಪಾಯ ತುಂಬಾ ಸರಳ. ಹರಳನ್ನ ಓರೆ ಮಾಡಿ. ಸ್ಪಿನ್‌ಗೆ ಕ್ಷೇತ್ರದ ದಿಕ್ಕು ಅಷ್ಟೇನೂ ಮುಖ್ಯ ಅಲ್ಲ, ಎಷ್ಟು ಜೋರಿದೆ ಅನ್ನೋದು ಮುಖ್ಯ. ದಾರಿ ಬಗ್ಗಿಸೋ ಕೆಲಸಕ್ಕೆ ಪದರಕ್ಕೆ ನೇರವಾಗಿರೋ ಭಾಗ ಮಾತ್ರ ಲೆಕ್ಕ. 20 ಟೆಸ್ಲಾ ಹಾಗೇ ಇಟ್ಟು ಹರಳನ್ನ 60 ಡಿಗ್ರಿ ತಿರುಗಿಸಿದರೆ, ಸ್ಪಿನ್‌ಗೆ ಇನ್ನೂ 20 ಟೆಸ್ಲಾನೇ, ದಾರಿಗೆ ಮಾತ್ರ 10. ಒಂದು ವೇರಿಯಬಲ್ ಹಿಡಿದು ಇನ್ನೊಂದನ್ನ ಬದಲಾಯಿಸಿದ ಹಾಗಾಯ್ತು. ಅದಕ್ಕೇ ಈ ಪ್ರಯೋಗಾಲಯಗಳಲ್ಲಿ ಹೀಲಿಯಂ ತಣ್ಣನೆಯಲ್ಲೂ ತಿರುಗೋ ಪುಟ್ಟ ಹಿಡಿಕೆಗಳಿಗೆ ಅಷ್ಟು ಬೆಲೆ.

ಮೂರನೇ ಉತ್ತರ: ಎದುರಾಳಿ ಹೋದಾಗ

ಕೊನೆಯದು ಮತ್ತು ನನಗೆ ಬಹಳ ಇಷ್ಟವಾದದ್ದು ವೈಬಿಸಿಒ. ಇಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ಕಪ್ಪು ವಸ್ತು. ಸುಮಾರು 92 ಕೆಲ್ವಿನ್‌ವರೆಗೂ ಸೂಪರ್‌ಕಂಡಕ್ಟರ್. ಅಂದರೆ 77 ಕೆಲ್ವಿನ್‌ನ ಅಗ್ಗದ ದ್ರವ ನೈಟ್ರೋಜನ್ ಸಾಕು. 1987ರಲ್ಲಿ ಜಗತ್ತೆಲ್ಲ ಇದರ ಹಿಂದೆ ಬಿದ್ದಾಗ, ಇದರಲ್ಲಿ ಸೂಪರ್‌ಕಂಡಕ್ಟಿವಿಟಿಗೆ ಕಾರಣವಾದ ಘಟಕ ಯಾವುದು ಅಂತ ಗುರುತಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರೂ ಇದ್ದರು.

2012ರಲ್ಲಿ ಎಕ್ಸ್-ರೇ ಪ್ರಯೋಗಗಳು ಇದೇ ವಸ್ತುವಿನಲ್ಲಿ ಒಂದು ಚಾರ್ಜ್ ಅಲೆ ಅಡಗಿದೆ ಅಂತ ನೇರವಾಗಿ ತೋರಿಸಿದವು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅಳತೆ ಮಾಡಿದ್ದು, ಆಕ್ಸಿಜನ್ ಸ್ವಲ್ಪ ಕಡಿಮೆ ಇದ್ದು 67 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗೋ ಹರಳನ್ನ. ತಣ್ಣಗಾಗ್ತಾ ಅಲೆ ಬೆಳೀತು. 67 ಕೆಲ್ವಿನ್ ದಾಟಿ ಕೆಳಗೆ ಬಂದ ಕೂಡಲೇ ಕುಗ್ಗೋಕೆ ಶುರು ಆಯ್ತು. ಆಗ 17 ಟೆಸ್ಲಾವರೆಗೆ ಕ್ಷೇತ್ರ ಹಾಕಿದರು. ಅಲೆ ಮತ್ತೆ ಬೆಳೀತು.

ಇಷ್ಟನ್ನೇ ನೋಡಿದರೆ ‘ಮ್ಯಾಗ್ನೆಟ್ ಚಾರ್ಜ್ ಅಲೆ ಬೆಳೆಸುತ್ತೆ’ ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಬಹುದಿತ್ತು. ಆದರೆ ಅವರು ಇನ್ನೊಂದು ಪರೀಕ್ಷೆ ಮಾಡಿದ್ದರು. 67 ಕೆಲ್ವಿನ್‌ಗಿಂತ ಮೇಲೆ, ಸೂಪರ್‌ಕಂಡಕ್ಟಿವಿಟಿ ಇಲ್ಲದಾಗ, ಅದೇ ಮ್ಯಾಗ್ನೆಟ್ ಹಾಕಿದರು. ಅಲೆ ಅಲುಗಲೇ ಇಲ್ಲ. ಅರ್ಥ ಸ್ಪಷ್ಟ: ಮ್ಯಾಗ್ನೆಟ್ ಇಲ್ಲಿ ಅಲೆಯನ್ನ ಮುಟ್ಟುತ್ತಲೇ ಇಲ್ಲ. ಅದು ಸೂಪರ್‌ಕಂಡಕ್ಟಿವಿಟಿಯನ್ನ ಹಿಂದಕ್ಕೆ ತಳ್ಳುತ್ತೆ, ಖಾಲಿಯಾದ ಜಾಗಕ್ಕೆ ಅಲೆ ಬರುತ್ತೆ. ಒಂದೇ ಎಲೆಕ್ಟ್ರಾನ್‌ಗಳಿಗಾಗಿ ಇಬ್ಬರೂ ಜಗಳ ಆಡ್ತಿದ್ದಾರೆ. ಒಂದು ಪ್ರೋಸೆಸ್ ಕಿಲ್ ಮಾಡಿದಾಗ ಇನ್ನೊಂದಕ್ಕೆ ಸಿಪಿಯು ಸಿಕ್ಕ ಹಾಗೆ.

2015ರಲ್ಲಿ ಸ್ಟ್ಯಾನ್‌ಫರ್ಡ್ ಹತ್ತಿರದ ಎಸ್‌ಎಲ್‌ಎಸಿಯಲ್ಲಿ ಕ್ಷಣಮಾತ್ರ ಮಿಂಚೋ ಪಲ್ಸ್ ಮ್ಯಾಗ್ನೆಟ್‌ನ ಅಷ್ಟೇ ಕ್ಷಣಿಕವಾದ ಎಕ್ಸ್-ರೇ ಲೇಸರ್ ಜೊತೆ ಹೊಂದಿಸಿ 28 ಟೆಸ್ಲಾವರೆಗೆ ಹೋದರು. ಸುಮಾರು 15 ಟೆಸ್ಲಾ ದಾಟಿದ ಮೇಲೆ ಬೇರೆಯದೇ ಕಂಡಿತು. ಅಲ್ಲಿಯವರೆಗೆ ಪದರಗಳ ಒಳಗೆ ತುಂಡು ತುಂಡಾಗಿದ್ದ ಅಲೆ, ಪದರದಿಂದ ಪದರಕ್ಕೂ ಹೊಂದಿಕೊಂಡು ಮೂರು ಆಯಾಮದಲ್ಲೂ ಕ್ರಮವಾಗಿ ನಿಂತಿತು.

ಇದರಿಂದ ಏನು ಉಪಯೋಗ?

ಲೈವ್ ಚಾಟ್‌ನಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ, ಬಂದಿದೆ ಕೂಡ. ನೇರವಾಗಿ ಹೇಳ್ತೀನಿ. ಸ್ಪಿನ್ ಅಲೆಯಿಂದ ಓಡೋ ಫೋನ್ ಮುಂದಿನ ವರ್ಷ ಬರಲ್ಲ. ಆದರೆ ಸೂಪರ್‌ಕಂಡಕ್ಟರ್ ಏನಕ್ಕೆ ಬೇಕು ಅಂತ ನಿಮಗೆ ಗೊತ್ತು. ಎಂಆರ್‌ಐ ಯಂತ್ರದ ಸುರುಳಿ ಸಾಮಾನ್ಯವಾಗಿ ನಯೋಬಿಯಂ-ಟೈಟೇನಿಯಂ ತಂತಿಯದು, ಅದನ್ನ ಹೆಚ್ಚಾಗಿ ದ್ರವ ಹೀಲಿಯಂನಿಂದ ತಣ್ಣಗಿಡ್ತಾರೆ, ಹೀಲಿಯಂ ದುಬಾರಿ. ವೈಬಿಸಿಒ ಕುಟುಂಬದ ಪಟ್ಟಿಗಳನ್ನ ಬಳಸಿ ಅಮೆರಿಕದ ಟ್ಯಾಲಹಾಸಿಯ ಪ್ರಯೋಗಾಲಯ 2017ರಲ್ಲಿ ಪೂರ್ತಿ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನಲ್ಲಿ 32 ಟೆಸ್ಲಾ ಮುಟ್ಟಿತು. ಯಾವ ವಸ್ತುವಿನ ಗುಟ್ಟು ತಿಳಿಯೋಕೆ ಮ್ಯಾಗ್ನೆಟ್ ಬೇಕಾಯ್ತೋ, ಈಗ ಅದೇ ವಸ್ತು ಮ್ಯಾಗ್ನೆಟ್ ಆಗಿದೆ.

ಪಣಕ್ಕಿರೋದು ಇದು. ಚಾರ್ಜ್ ಅಲೆ ಸೂಪರ್‌ಕಂಡಕ್ಟಿವಿಟಿಯ ಶತ್ರು ಮಾತ್ರ ಆಗಿದ್ದರೆ, ಅಲೆಯನ್ನ ಅಡಗಿಸೋ ದಾರಿ ಸಿಕ್ಕರೆ ಇನ್ನೂ ಹೆಚ್ಚಿನ ತಾಪಮಾನಕ್ಕೆ ಹೋಗಬಹುದೇನೋ. ಇಲ್ಲ, ಇಬ್ಬರೂ ಒಂದೇ ತಾಯಿಯ ಮಕ್ಕಳು, ಒಂದೇ ಮೂಲದಿಂದ ಹುಟ್ಟಿ ಆಮೇಲೆ ಪಾಲಿಗೆ ಜಗಳ ಆಡ್ತಿರೋರು ಅಂತಾದರೆ, ಒಬ್ಬನನ್ನ ಹೊಡೆದು ಹಾಕೋದರಿಂದ ಇನ್ನೊಬ್ಬನಿಗೆ ಲಾಭ ಆಗಲೇಬೇಕು ಅಂತಿಲ್ಲ. ಈ ವ್ಯಾಜ್ಯ ಇನ್ನೂ ಇತ್ಯರ್ಥ ಆಗಿಲ್ಲ.

ಹಾಗಾಗಿ ಮುಂದೆ ಎಲ್ಲಾದರೂ ‘ಕಾಂತಕ್ಷೇತ್ರದಲ್ಲಿ ಹೊಸ ಸ್ಥಿತಿ ಪತ್ತೆ’ ಅನ್ನೋ ಸುದ್ದಿ ಓದಿದರೆ ಮೂರು ಪ್ರಶ್ನೆ ಕೇಳಿ. ಇದು ಸ್ಪಿನ್ ಮೂಲಕ ಆದದ್ದಾ? ದಾರಿ ಬಗ್ಗಿಸಿ ಆದದ್ದಾ? ಇಲ್ಲಾ ಪಕ್ಕದಲ್ಲಿದ್ದ ಎದುರಾಳಿ ಹೋಗಿದ್ದರಿಂದ ಆದದ್ದಾ? ಹರಳನ್ನ ಓರೆ ಮಾಡಿ ನೋಡಿದ್ದಾರಾ, ಎದುರಾಳಿ ಇಲ್ಲದ ತಾಪಮಾನದಲ್ಲೂ ಅಳೆದಿದ್ದಾರಾ ಅಂತ ಹುಡುಕಿ. ಅದು ಇದ್ದರೆ ಪ್ರಬಂಧ ಗಟ್ಟಿ.

ನಿಮ್ಮ ಮಕ್ಕಳು ಯಾರಾದರೂ ಭೌತಶಾಸ್ತ್ರ ಓದ್ತಿದ್ದರೆ ಒಂದು ಮಾತು. ಮುಂಬೈಯವರಿಗೆ ಕೊಲಾಬಾದಲ್ಲಿ ಟಿಐಎಫ್‌ಆರ್ ಇದೆ, ಬೆಂಗಳೂರಿಗೆ ರಜೆಗೆ ಹೋದಾಗ ಐಐಎಸ್‌ಸಿ ಇದೆ. ಎರಡೂ ಕಡೆ ಹೀಲಿಯಂ ತಣ್ಣನೆಯಲ್ಲಿ ಪ್ರಯೋಗ ಮಾಡೋ ಲ್ಯಾಬ್‌ಗಳಿವೆ. ಸಾರ್ವಜನಿಕರಿಗೆ ಬಾಗಿಲು ತೆರೆಯೋ ದಿನ ನೋಡಿಕೊಂಡು ಕರೆದುಕೊಂಡು ಹೋಗಿ. ದ್ರವ ನೈಟ್ರೋಜನ್ ಸುರಿದಾಗ ಏಳೋ ಬಿಳಿ ಹೊಗೆ ನೋಡಿ ಮಕ್ಕಳು ಕೇಳೋ ಪ್ರಶ್ನೆಗಳಿಗೆ ಉತ್ತರ ಹೇಳೋಕೆ ಇವತ್ತಿನ ಮಾತು ಸ್ವಲ್ಪ ಸಹಾಯ ಆದರೆ ಸಂತೋಷ.

ಪ್ರಶ್ನೆ ಇದ್ದರೆ ವಿಡಿಯೋ ಕೆಳಗೆ ಬರೀರಿ, ಕನ್ನಡದಲ್ಲೇ ಬರೀರಿ.